ಯಾರೂ ಕಾಣದ ದ್ವೀಪಕ್ಕೆ ದಯವಿಟ್ಟು ಸಾಲಿನಲ್ಲಿ ಬನ್ನಿ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪವನ್ನು ಮತ್ತೊಮ್ಮೆ ಕಂಡುಹಿಡಿಯಲಾಗಿದೆ. ಈ ತಿಂಗಳಲ್ಲಿ ಇದು ಮೂರನೆಯ ಸಲ. ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿರುವ ಆ ವೀಡಿಯೊವನ್ನು ನೀವೂ ನೋಡಿದ್ದೀರಿ. ಕಪ್ಪು ಕನ್ನಡಕದ ಯುವಕನೊಬ್ಬ ತೆಂಗಿನ ಮರಕ್ಕೆ ಒರಗಿ, 'ಮಾಲ್ಡೀವ್ಸ್ ಯಾಕೆ? ಯಾರಿಗೂ ಗೊತ್ತಿಲ್ಲದ ಈ ದ್ವೀಪಕ್ಕೆ ಬನ್ನಿ' ಎಂದು ಪಿಸುಗುಟ್ಟುತ್ತಾನೆ. ಗುಟ್ಟಿನ ವಿಷಯವಲ್ಲವೇ, ಪಿಸುಗುಟ್ಟಲೇಬೇಕು. ಅದನ್ನು ಕೇಳಿಸಿಕೊಂಡವರೆಲ್ಲರೂ ಕಳೆದ ಭಾನುವಾರ ದೋಣಿ ಟಿಕೆಟಿನ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು.

ನಾನೇಕೆ ನಿಂತಿದ್ದೆ ಎಂದರೆ, ಬೆಂಗಳೂರಿನಿಂದ ಸೋದರಳಿಯ ಬಂದಿದ್ದ. ಉಡುಪಿಯವರು ದ್ವೀಪ ನೋಡುವುದು ನೆಂಟರು ಬಂದಾಗ ಮಾತ್ರ. ಸಾಲು ಕರಗುವವರೆಗೆ ಅವನಿಗೆ ತೇಲುವ ಸೇತುವೆಯ ಕಥೆ ಹೇಳಿದೆ. ಬರಿಯ ಕಡಲು ಪ್ರವಾಸಿಗರಿಗೆ ಸಾಲದೆಂದು 2022ರ ಮೇ ತಿಂಗಳಿನಲ್ಲಿ ಮಲ್ಪೆಯಲ್ಲಿ ನೀರಿನ ಮೇಲೆ ತೇಲುವ ಸೇತುವೆ ಉದ್ಘಾಟನೆಯಾಗಿತ್ತು. ವಾರ ತುಂಬುವ ಮೊದಲೇ ಕಡಲು ಅದನ್ನು ಬಿಡಿಬಿಡಿಯಾಗಿ ಹಿಂದಿರುಗಿಸಿತು.

ದೋಣಿ ಹತ್ತಿದೆವು. ಏಕಾಂತವನ್ನು ಅರಸಿ ಹೊರಟವರಿಗೆ ದಾರಿಯಲ್ಲಿ ಬೇಸರವಾಗಬಾರದಲ್ಲ, ದೊಡ್ಡ ಧ್ವನಿವರ್ಧಕದಲ್ಲಿ ಹಾಡು ಹಾಕಿದ್ದರು. ದ್ವೀಪ ಮುಟ್ಟುವವರೆಗೂ ಎದೆಗೂಡು ನಡುಗಿತು. ಮೀನಿನ ಬರಕ್ಕೆ ನಾವು ಸುಮ್ಮನೆ ಹವಾಮಾನವನ್ನು ದೂರುತ್ತಿದ್ದೇವೆ. ನಾನು ಬಂಗುಡೆಯಾಗಿದ್ದರೆ ಈ ಹೊತ್ತಿಗೆ ಒಮಾನಿನಲ್ಲಿರುತ್ತಿದ್ದೆ.

ದ್ವೀಪದ ಕಂಬಗಳ ವಿಚಾರಕ್ಕೆ ಬರೋಣ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಪಾಲಾಗುವಾಗ ಉಕ್ಕಿದ ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕು ಬಿಟ್ಟು ಆರು ಮೂಲೆಯ ಕಂಬಗಳಾಯಿತು. ಪಾಲುಪಟ್ಟಿಯ ಜಗಳದಲ್ಲಿ ಮನೆಯ ಗೋಡೆ ಬಿರುಕು ಬಿಡುವುದನ್ನು ನಾವೂ ಕಂಡಿದ್ದೇವೆ, ಆದರೆ ಇಷ್ಟು ಅಚ್ಚುಕಟ್ಟಾಗಿ ಅಲ್ಲ. ಎಂಟು ಕೋಟಿ ವರ್ಷ ಬಿಸಿಲು, ಉಪ್ಪುನೀರು, ಮುಂಗಾರಿನ ಹೊಡೆತ ತಿಂದು ನಿಂತ ಆ ಕಲ್ಲಿನ ಮೇಲೆ ಒಬ್ಬ ಪ್ರೇಮಿ ಬೀಗದ ಕೈಯಿಂದ ಹೃದಯ ಕೊರೆಯುತ್ತಿದ್ದ. ಪ್ರೇಮ ಶಾಶ್ವತವಾಗಿರಲಿ ಎಂಬ ಆಸೆ ಇರಬೇಕು. ಕೊರೆದು ಮುಗಿಯುವುದರೊಳಗೆ ಹುಡುಗಿಗೆ ಬೇಸರ ಬಂದು ಐಸ್‌ಕ್ರೀಮಿನ ಕಡೆಗೆ ನಡೆದಳು.

ಅವನನ್ನು ಬೈಯಲು ಹೊರಟವನು ಸುಮ್ಮನಾದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು, ಸಾಂತಾ ಮರಿಯಾಳ ಹೆಸರಿನ ಕಲ್ಲುಕಂಬ ನೆಟ್ಟು ಹೋದನೆಂಬ ಪ್ರತೀತಿ ಇದೆ. ಸಾವಿರಾರು ಕಂಬಗಳಿದ್ದ ಜಾಗಕ್ಕೆ ಇನ್ನೊಂದು ಕಂಬವನ್ನು ಲಿಸ್ಬನ್ನಿನಿಂದ ಹೊತ್ತು ತಂದ ಪುಣ್ಯಾತ್ಮ! ಊರಿನವರು ತೋನ್ಸೆಪಾರ್ ಎನ್ನುತ್ತಿದ್ದ ದ್ವೀಪ ಅಂದಿನಿಂದ 'ಪತ್ತೆ'ಯಾಯಿತು. ಕಪ್ಪು ಕನ್ನಡಕದ ಯುವಕನಿಗಿಂತ ಐದು ಶತಮಾನ ಮೊದಲೇ ಯಾರಿಗೂ ಗೊತ್ತಿಲ್ಲದ ದ್ವೀಪವನ್ನು ಕಂಡು ಹೆಸರು ಕೆತ್ತಿದ ಪರಂಪರೆ ಅದು.

ನನಗೆ ಅರ್ಥವಾಗದ ಸಂಗತಿ ಬೇರೆ. ಭೂವೈಜ್ಞಾನಿಕ ಸ್ಮಾರಕ ಎಂಬ ಗೌರವ ಈ ದ್ವೀಪಕ್ಕೆ ಇದ್ದ ಹಾಗೆ ಲಾಲ್‌ಬಾಗಿನ ಬಂಡೆಗೂ ಇದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಎದುರಿಗೆ ನಮ್ಮ ಕಂಬಗಳು ಹಾಲುಗಲ್ಲದ ಹಸುಳೆಗಳು. ಬೆಂಗಳೂರಿನವರು ಆ ಅಜ್ಜನ ನೆತ್ತಿಯ ಮೇಲೆ ಕುಳಿತು ಕಡಲೆಕಾಯಿ ಸುಲಿದು, ಸಿಪ್ಪೆಯನ್ನು ಅಲ್ಲಿಯೇ ಬಿಟ್ಟು, ರಾತ್ರಿ ಬಸ್ ಹಿಡಿದು ಮೊಮ್ಮಗನನ್ನು ನೋಡಲು ಉಡುಪಿಗೆ ಬರುತ್ತಾರೆ. ಸಿಪ್ಪೆಯ ಅಭ್ಯಾಸವನ್ನು ಮಾತ್ರ ಜೊತೆಯಲ್ಲಿಯೇ ತರುತ್ತಾರೆ. ಉಡುಪಿಯವರೇನೂ ಕಡಿಮೆಯಿಲ್ಲ. ಬಂಡೆಯ ಸಂದಿಯಲ್ಲಿ ಸಿಕ್ಕಿದ ಗೋಳಿಬಜೆಯ ಪೊಟ್ಟಣ ನಮ್ಮ ಕಡೆಯದೇ.

ಚಿಪ್ಪುಗಳ ಮೇಲೆ ಬರಿಗಾಲಿನಲ್ಲಿ ನಡೆದರೆ ಪಾದ ಕುಯ್ಯುತ್ತದೆ ಎಂದೆ. ಅಳಿಯ ನಕ್ಕು ಚಪ್ಪಲಿ ಕಳಚಿದ. ಐದು ನಿಮಿಷಕ್ಕೆ ಮತ್ತೆ ಹಾಕಿಕೊಂಡ. ಅದು ಹೋಗಲಿ. ನೀರಿಗೆ ಇಳಿಯಬೇಡಿ ಎಂಬ ಫಲಕಕ್ಕೆ ಟವೆಲ್ ನೇತುಹಾಕಿ ನಾಲ್ವರು ಹುಡುಗರು ನೀರಿಗೆ ಇಳಿದರು. ಕಾವಲಿನವನು ಸೀಟಿ ಊದಿದ. ಅವರು ಅವನತ್ತ ಕೈಬೀಸಿದರು, ಒಬ್ಬ ಅವನ ಸೀಟಿಯನ್ನೇ ಚಿತ್ರೀಕರಿಸಿದ.

ಇಲ್ಲಿ ನನಗೆ ತಮಾಷೆ ಮಾಡಲು ಆಗುತ್ತಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಕಾಲೇಜು ಪ್ರವಾಸಕ್ಕೆಂದು ಬಂದ ಮೂವರು ಹುಡುಗರು ಇದೇ ದ್ವೀಪದಲ್ಲಿ ನೀರುಪಾಲಾದರು. ಪ್ರತಿ ಸಾವಿನ ಮರುದಿನ ಸಭೆ, ಇನ್ನೊಂದು ಫಲಕ, ಇನ್ನಷ್ಟು ಎಚ್ಚರಿಕೆ. ತಿಂಗಳು ಕಳೆದರೆ ಅದೇ ಬಂಡೆ, ಅದೇ ಭಂಗಿ. ಹೆಣ ಹುಡುಕಲು ಇಳಿಯುವವರು ಮಲ್ಪೆಯ ಹುಡುಗರು. ಅವರ ಕೆಲಸವನ್ನು ಯಾರೂ ಪಿಸುಗುಟ್ಟಿ ಹೇಳುವುದಿಲ್ಲ. ಸಾಕಾಗಿದೆ.

ಮಳೆಗಾಲದಲ್ಲಿ ದೋಣಿಗಳು ದಡ ಸೇರುತ್ತವೆ. ಆಗ ಆ ದ್ವೀಪ ನಿಜಕ್ಕೂ ಯಾರೂ ಕಾಣದ ದ್ವೀಪ. ಇದನ್ನು ಮರಳಿ ಬರುವಾಗ ಅಳಿಯನಿಗೆ ಹೇಳಿ ತಪ್ಪು ಮಾಡಿದೆ. ಡ್ರೋನ್ ಅಷ್ಟು ದೂರ ಹಾರುತ್ತದೆಯೇ ಎಂದು ಲೆಕ್ಕ ಹಾಕತೊಡಗಿದ.

"ಮಾವ, ಇಷ್ಟು ಜನ ಬರದ ಜಾಗ ಬೇರೆ ಯಾವುದೂ ಇಲ್ಲವೇ?" ಎಂದು ಕೇಳಿದ.

"ಇದೆ ಮಾರಾಯ. ಇದಕ್ಕಿಂತ ಎಷ್ಟೋ ಹಳೆಯ ಕಲ್ಲು, ನಿನ್ನ ಮನೆಯಿಂದ ಒಂದೇ ಬಸ್ಸು. ಲಾಲ್‌ಬಾಗು."

ಸ್ವಲ್ಪ ಹೊತ್ತು ಯೋಚಿಸಿದ. "ಅಲ್ಲಿ ದೋಣಿ ಇದೆಯೇ?"