ಮೇ ತಿಂಗಳಲ್ಲಿ ಸುಡು

ನಮ್ಮ ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕಂತೆ, ಅದು ಇದರಲ್ಲಿಲ್ಲ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಫೋನಲ್ಲಿ, "ಮಾಮಾ, ವಿಂಡೋಸ್ ಬದಲು ಉಬುಂಟು 24.04 ಹಾಕ್ರಿ, ಅದೂ ಲಿನಕ್ಸೇ, ಪುಕ್ಕಟೆ" ಅಂದ. ಪುಕ್ಕಟೆ ಅಂದಮೇಲೆ ಯೋಚನೆ ಮಾಡೋದೇನಿದೆ?

ಬಲು ಜಾಣನ ಹಾಗೆ ಮೊದಲು ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಟ್ಟೆ. ಆಮೇಲೆ ಅದೇ ಪೆನ್‌ಡ್ರೈವನ್ನು ಉಬುಂಟು ಬೂಟ್ ಆಗುವಂತೆ ಮಾಡಿದೆ. ಇದರಲ್ಲಿರೋದೆಲ್ಲ ಅಳಿಸಿಹೋಗುತ್ತೆ ಅಂತ ಪರದೆ ಮೇಲೆ ಬಂದಿತ್ತು, ಅಂಥದ್ದನ್ನೆಲ್ಲ ಯಾರು ಓದ್ತಾರೆ, ಓಕೆ ಒತ್ತಿದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿಂದಲೇ ನಡೆಸಿ ನೋಡುವ ದಾರಿಯೂ ಇತ್ತು. ಆದರೆ ಫೈಲುಗಳು ಭದ್ರವಾಗಿವೆಯಲ್ಲ ಅನ್ನೋ ಧೈರ್ಯದಲ್ಲಿ ಡಿಸ್ಕನ್ನೂ ಪೂರ್ತಿ ಅಳಿಸಿಯೇ ಹಾಕಿದೆ. ತಂಗಿ ಮದುವೆ ಫೋಟೋಗಳೂ ಅದರಲ್ಲೇ ಇದ್ದವು. ಅವಳಿಗೆ ಇನ್ನೂ ಹೇಳಿಲ್ಲ.

ಉಬುಂಟು ಚೆಂದಾಗಿ ಬಂತು. ವೈಫೈ ಮಾತ್ರ ಇಲ್ಲ.

"ಡ್ರೈವರ್ ಹಾಕಬೇಕು ಮಾಮಾ. ಫೋನಿಗೆ ಕೇಬಲ್ ಹಚ್ಚಿ ನೆಟ್ ಕೊಡ್ರಿ, ಟರ್ಮಿನಲ್ ಅಂತ ಆಜ್ಞೆ ಹೊಡಿಯೋ ಕಿಟಕಿ ಐತಿ, ಅದನ್ನ ತೆಗೀರಿ, ಮೊದಲು ಸುಡು ಅಂತ ಹೊಡೀರಿ."

"ಏನು ಸುಡಲೋ?"

ಮೇ ತಿಂಗಳು, ರಾಯಚೂರು, ಮಧ್ಯಾಹ್ನ ಎರಡು ಗಂಟೆ. ಲ್ಯಾಪ್‌ಟಾಪಿನ ತಳ ರೊಟ್ಟಿ ಹಂಚಿನ ಹಾಗೆ ಕಾದಿತ್ತು, ಇನ್ನೂ ಸುಡು ಅಂತಾನಲ್ಲ ಇವನು. ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದನಂತೆ. ಆ ಚಳಿಯಲ್ಲಿ ಕೂತವರಿಗೆ ಸುಡು ಅನ್ನೋದು ಹಿತವಾಗೇ ಇರುತ್ತೆ ಬಿಡಿ. ಆಮೇಲೆ ತಿಳೀತು, ಅದು sudo, ಯಜಮಾನನ ಅಧಿಕಾರದಲ್ಲಿ ಕೆಲಸ ಮಾಡಿಸೋ ಆಜ್ಞೆ.

ಹೊಡೆದೆ. ಅದರ ಮುಂದೆ ಅವನು ಹೇಳಿದ್ದನ್ನೂ ಹೊಡೆದೆ, ಪಾಸ್‌ವರ್ಡ್ ಕೇಳಿತು. ಅದನ್ನೂ ಹೊಡೆದೆ, ಒಂದು ಚುಕ್ಕಿ ಕೂಡ ಬೀಳಲಿಲ್ಲ. ಕೀಲಿ ಒತ್ತಿಲ್ಲವೇನೋ ಅಂತ ಹೊಡೆದದ್ದನ್ನೇ ಮತ್ತೆ ಹೊಡೆದೆ, ಬೆರಳು ನೋಯುವಷ್ಟು ಜೋರಾಗಿ ಹೊಡೆದೆ, ತಪ್ಪು ಅಂತ ಬೈಸಿಕೊಂಡೆ. ಕೀಬೋರ್ಡು ಹೋಯ್ತು ಅಂತ ಖಾತ್ರಿಯಾಯಿತು. ಆ ಬಿಸಿಲಲ್ಲೇ ಗಾಡಿ ತೆಗೆದುಕೊಂಡು ತೀನ್ ಕಂದೀಲ್ ಹತ್ತಿರದ ಅಂಗಡಿಗೆ ಹೋಗಿ 450 ರೂಪಾಯಿ ಕೊಟ್ಟು ಹೊಸ ಕೀಬೋರ್ಡ್ ತಂದು ಚುಚ್ಚಿದೆ. ಅದರಲ್ಲೂ ಅದೇ ಕಥೆ.

"ಲೇ, ಏನೂ ಮೂಡವಲ್ದಪಾ!"

"ಮೂಡಂಗಿಲ್ಲ ಮಾಮಾ. ಹಿಂದೆ ನಿಂತವರಿಗೆ ಎಷ್ಟು ಅಕ್ಷರ ಅಂತನೂ ಗೊತ್ತಾಗಬಾರದಂತ ಹಂಗ ಮಾಡ್ಯಾರ. ಸುಮ್ನೆ ಹೊಡೆದು ಎಂಟರ್ ಒತ್ರಿ."

ನನ್ನ ಹಿಂದೆ ನಿಂತಿದ್ದವಳು ಅವ್ವ ಒಬ್ಬಳೇ, ಮಜ್ಜಿಗೆ ಲೋಟ ಹಿಡಕೊಂಡು. "ಪುಕ್ಕಟೆ ಅಂದಿದ್ದಿ, ಕೈಯಾಗಿಂದು ಏನದು ಹೊಸಾದು?" ಅಂದಳು. ಮಜ್ಜಿಗೆ ಇಸಕೊಂಡು ಕುಡಿದೆ.

ಕಣ್ಣು ಮುಚ್ಚಿಕೊಂಡವನ ಹಾಗೆ ಪಾಸ್‌ವರ್ಡ್ ಹೊಡೆದೆ, ಎಂಟರ್ ಒತ್ತಿದೆ. ಸಾಲು ಸಾಲಾಗಿ ಏನೇನೋ ಓಡಿತು. ರೀಸ್ಟಾರ್ಟ್ ಮಾಡಿದರೆ ವೈಫೈ ಗುರುತು ಮೂಡಿತ್ತು! ಖುಷಿಯಲ್ಲಿ ಲ್ಯಾಪ್‌ಟಾಪಲ್ಲೇ ವಾಟ್ಸಾಪ್ ತೆರೆದೆ. ತಂಗಿಯ ಮೆಸೇಜು ಕೂತಿತ್ತು: "ಅಣ್ಣಾ, ನಾಳಿ ನಮ್ಮ ಆನಿವರ್ಸರಿ. ಮದುವಿ ಫೋಟೋ ಎಲ್ಲಾ ಇವತ್ತೇ ಕಳಸು."

"ಮನ್ಯಾಗ ನೆಟ್ ಇಲ್ಲವ್ವಾ" ಅಂತ ಹೊಸ ಕೀಬೋರ್ಡಲ್ಲಿ ಟೈಪ್ ಮಾಡಿ ಕಳಿಸಿದೆ.