ಯುವ ವೈದ್ಯರ ಸಂಶೋಧನೆಗೆ ಪ್ರತ್ಯೇಕ ಹಣ, ಸಮಯ ಕೊಡಬೇಕೇ?

ಪರ: ರೋಗಿಯ ಪಕ್ಕದಲ್ಲಿ ಹುಟ್ಟಿದ ಪ್ರಶ್ನೆ ಅಲ್ಲೇ ಸಾಯಬಾರದು

(ಬರೆದವರು: ಘಟ್ಟದ ಮೇಲಿನ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿರುವ ಸರ್ಕಾರಿ ವೈದ್ಯೆ)

ಐದು ವರ್ಷಗಳ ಹಿಂದಿನ ಆಷಾಢ. ತಾಲ್ಲೂಕು ಆಸ್ಪತ್ರೆಯಲ್ಲಿ ನನಗೆ ರಾತ್ರಿ ಪಾಳಿ. ಅಡಿಕೆ ತೋಟದಲ್ಲಿ ಬಿದ್ದ ಸೋಗೆ ಎತ್ತುವಾಗ ಬೆರಳಿಗೆ ಹಾವು ಕಚ್ಚಿದ ಕೂಲಿಯವರೊಬ್ಬರನ್ನು ಜೀಪಿನಲ್ಲಿ ಕರೆತಂದರು. ಜೊತೆಗೆ ಬಂದ ತಮ್ಮ, ಹೊಡೆದ ಹಾವನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು ಬಂದಿದ್ದ. ಒಂದೂವರೆ ಗೇಣು ಉದ್ದ, ಒದ್ದೆ ದರಕಿನ (ಒಣಗಿ ಬಿದ್ದ ಎಲೆಯ) ಬಣ್ಣ, ಮೂತಿಯ ತುದಿ ಮೇಲಕ್ಕೆ ಎದ್ದಿತ್ತು. ಉಬ್ಬುಮೂಗಿನ ಗುಳಿಮಂಡಲ.

“ಔಷಧಿ ಇದೆಯಲ್ಲ ಡಾಕ್ಟರೇ?” ಎಂದು ಅವನು ಕೇಳಿದ. ಕಪಾಟಿನಲ್ಲಿ ಪ್ರತಿವಿಷದ ಬಾಟಲಿಗಳು ಸಾಲಾಗಿ ಇದ್ದವು. ಆದರೆ ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ ಮಾತ್ರ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಪಶ್ಚಿಮ ಘಟ್ಟದ ತೋಟಗಳಲ್ಲಿ ತರಗೆಲೆಯ ಅಡಿಯಲ್ಲಿ ಮಲಗಿರುವ ಈ ಪುಟ್ಟ ಹಾವಿಗೆ ಔಷಧಿ ಇಲ್ಲ. ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಇಟ್ಟ ಅವರ ರಕ್ತ ಹೆಪ್ಪುಗಟ್ಟಲಿಲ್ಲ. ಮಾರನೆಯ ದಿನ ಮೂತ್ರ ಕಡಿಮೆಯಾಯಿತು. ಹುಬ್ಬಳ್ಳಿಗೆ ಕಳುಹಿಸಿದೆವು. ಹಲವು ಬಾರಿ ಡಯಾಲಿಸಿಸ್ ಆದ ಮೇಲೆ, ಆ ಮನುಷ್ಯ ಬದುಕಿ ಬಂದರು. ಬೆರಳಿನ ತುದಿ ಹೋಯಿತು, ಅವರ ಮನೆಯ ಎರಡು ಎಮ್ಮೆಗಳೂ ಹೋದವು.

ಆ ವಾರವೇ ನಾನೊಂದು ನೂರು ಪುಟದ ನೋಟ್‌ಬುಕ್ ಕೊಂಡೆ. ಕಚ್ಚಿದ ಸಮಯ, ಜಾಗ, ಹಾವಿನ ಫೋಟೊ, ಬಾವು ಎಲ್ಲಿಯವರೆಗೆ ಏರಿತು, ರಕ್ತ ಯಾವಾಗ ಹೆಪ್ಪುಗಟ್ಟಿತು ಎಂದು ಬರೆಯತೊಡಗಿದೆ. ಮೂರು ಮಳೆಗಾಲದಲ್ಲಿ ಪುಸ್ತಕದ ಅರ್ಧ ತುಂಬಿತು. ಯಾರ ಮೂತ್ರಪಿಂಡ ಸೋಲುತ್ತದೆ, ಯಾರದು ಸೋಲುವುದಿಲ್ಲ ಎಂಬುದನ್ನು ಮೊದಲ ಆರು ಗಂಟೆಯಲ್ಲಿಯೇ ಹೇಳಲು ಸಾಧ್ಯವೇ? ಹೇಳಲು ಸಾಧ್ಯವಾದರೆ ಹುಬ್ಬಳ್ಳಿಗೆ ಒಂದು ದಿನ ಮೊದಲೇ ಕಳುಹಿಸಬಹುದು. ನನ್ನ ಪ್ರಶ್ನೆ ಇಷ್ಟೇ. ಇದಕ್ಕೆ ಕೋಟಿ ರೂಪಾಯಿಯ ಯಂತ್ರ ಬೇಡ. ರಕ್ತದ ಮಾದರಿ ಇಡಲು ಒಂದು ಒಳ್ಳೆಯ ಫ್ರೀಜರ್, ಲೆಕ್ಕ ಹಾಕಿಕೊಡುವ ಒಬ್ಬ ಸಂಖ್ಯಾಶಾಸ್ತ್ರಜ್ಞ, ಮನೆಮನೆಗೆ ಹೋಗಿ ಬರುವ ಒಬ್ಬ ಸಹಾಯಕಿ, ಮತ್ತು ನನಗೆ ವಾರದಲ್ಲಿ ಎರಡು ದಿನ ಸಾಕಿತ್ತು.

ಎರಡು ದಿನ ಸಿಗಲಿಲ್ಲ. ಬೆಳಗ್ಗೆ ಹೊರರೋಗಿ ವಿಭಾಗದಲ್ಲಿ ನೂರಕ್ಕೂ ಹೆಚ್ಚು ಜನ, ಮಧ್ಯಾಹ್ನ ವಾರ್ಡು, ಸಂಜೆ ಶವಪರೀಕ್ಷೆ, ರಾತ್ರಿ ತುರ್ತು ಕರೆ. ಅಧ್ಯಯನ ನಡೆಸಲು ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಆ ಕಮಿಟಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನಿಯಮ ಸರಿಯಾದದ್ದೇ, ರೋಗಿಯ ರಕ್ಷಣೆಗೆ ಅದು ಬೇಕು. ಆದರೆ ನಮ್ಮಂಥ ಆಸ್ಪತ್ರೆಯಲ್ಲಿ ಕಮಿಟಿ ಎಲ್ಲಿಂದ ಬರಬೇಕು? ಮೇಲಧಿಕಾರಿಯೊಬ್ಬರ ಬಳಿ ಹೋಗಿ ಕೇಳಿದೆ. “ಅಮ್ಮಾ, ಮೊದಲು ಡ್ಯೂಟಿ ಮಾಡಿ, ಇದೆಲ್ಲ ದೊಡ್ಡ ಊರಿನವರ ಕೆಲಸ” ಎಂದರು. ಅವರು ಕೆಟ್ಟ ಮನುಷ್ಯರಲ್ಲ. ಅವರಿಗೂ ಅದನ್ನೇ ಯಾರೋ ಹೇಳಿದ್ದರು.

ವಿದ್ಯಾರ್ಥಿಗಳಿಗೆ ನೆರವಿದೆ ಎಂಬುದನ್ನು ಒಪ್ಪುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದಲೂ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ವೇತನ ಕೊಡುತ್ತಿದೆ. ಸ್ನಾತಕೋತ್ತರ ಪ್ರಬಂಧಕ್ಕೂ ಸಹಾಯವಿದೆ. ಆ ಕಡೆಯ ತುದಿಯಲ್ಲಿ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಿಂದ ಕೊಡುತ್ತಿರುವ ಫೆಲೋಶಿಪ್‌ಗಳಿವೆ. ಅದಕ್ಕೆ ಅರ್ಜಿ ಹಾಕಬೇಕಾದರೆ ನಮ್ಮನ್ನು ಇಟ್ಟುಕೊಳ್ಳಲು ಒಂದು ಸಂಸ್ಥೆ ಒಪ್ಪಿರಬೇಕು. ಸಂಸ್ಥೆ ಎಂದರೆ ಬೆಂಗಳೂರು, ವೆಲ್ಲೂರು, ದೆಹಲಿ. ಓದು ಮುಗಿಸಿ ಹಳ್ಳಿಯ ಕಡೆ ಬಂದ ಮೂವತ್ತರ ಹರೆಯದ ವೈದ್ಯ ಈ ಎರಡು ತುದಿಗಳ ನಡುವೆ ಬಿದ್ದುಹೋಗುತ್ತಾನೆ. ಗುತ್ತಿಗೆಯ ಮೇಲಿದ್ದರಂತೂ ಅವನು ಅರ್ಜಿ ಹಾಕಲು ಬಾಗಿಲೇ ಇಲ್ಲ.

ಪರಿಣಾಮ ಕಣ್ಣಮುಂದಿದೆ. 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ದೇಶದ 579 ವೈದ್ಯಕೀಯ ಸಂಸ್ಥೆಗಳ ಹತ್ತು ವರ್ಷಗಳ ಸಂಶೋಧನೆಯನ್ನು ಎಣಿಸಿತು. 332 ಸಂಸ್ಥೆಗಳಿಂದ ಒಂದೇ ಒಂದು ಲೇಖನವೂ ಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನ ಕೊಟ್ಟವು 25 ಮಾತ್ರ. ರೋಗಿ ಎಲ್ಲೆಡೆ ಇದ್ದಾನೆ, ಅವನ ಬಗ್ಗೆ ಯೋಚಿಸುವುದು ಇಪ್ಪತ್ತೈದು ಕಡೆ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತಿಸಿದರು, ಉಣುಗಿನಿಂದ ಹರಡುತ್ತದೆ ಎಂದು ತೋರಿಸಿದರು. ಅಷ್ಟು ಬೇಗ ಅಷ್ಟು ತಿಳಿದದ್ದು, ಹಣ ಮತ್ತು ಸಮಯ ಇದ್ದ ಜನ ಕಾಡಿನ ಅಂಚಿಗೆ ಬಂದು ಕೂತದ್ದರಿಂದ. ಆಮೇಲೆ? 1990ರಿಂದ ಜನರಿಗೆ ಕೊಟ್ಟ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮನೆಮನೆಗೆ ಜ್ವರ ಬಂದಾಗ ನಮ್ಮ ಕೈಯಲ್ಲಿ ಇದ್ದದ್ದು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲ, ಸಲೈನ್, ಪ್ಯಾರಾಸಿಟಮಾಲ್. ರೋಗ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಎರಡನೇ ಸುತ್ತು ಬರುತ್ತದೆ: ತಲೆನೋವು, ಕೈನಡುಕ, ಮಂಪರು. ಯಾರಿಗೆ ಬರುತ್ತದೆ, ಯಾಕೆ ಬರುತ್ತದೆ? ಅದನ್ನು ನೋಡಲು ಪ್ರಯೋಗಾಲಯ ಬೇಡ. ಬೆಟ್ಟಕ್ಕೆ ದರಕು ತರಲು ಹೋದ ಅಮ್ಮನ ಮನೆಗೆ ಹದಿನೈದನೆಯ ದಿನ ಮತ್ತೆ ಹೋಗಿ ಬರುವ ವೈದ್ಯ ಬೇಕು. ಆ ಹದಿನೈದನೆಯ ದಿನ ಅವನಿಗೆ ಬೇರೆ ಡ್ಯೂಟಿ ಇರಬಾರದು.

ಆದ್ದರಿಂದ ಹಣಕ್ಕಿಂತ ಮೊದಲು ನಾನು ಸಮಯ ಕೇಳುತ್ತೇನೆ. ಸಂಶೋಧನೆಗೆ ಆಯ್ಕೆಯಾದ ವೈದ್ಯರಿಗೆ ವಾರದಲ್ಲಿ ಎರಡು ದಿನ ಮೀಸಲು, ಆ ಎರಡು ದಿನಕ್ಕೆ ಬದಲಿ ವೈದ್ಯರ ಸಂಬಳ. ಮೂರು ವರ್ಷ ಅದೇ ಊರಿನಲ್ಲಿ ಇರುವ ಭರವಸೆ. ಕಾರವಾರದಲ್ಲಿ 2016ರಿಂದ ವೈದ್ಯಕೀಯ ಕಾಲೇಜು ಇದೆ, ತಾಲ್ಲೂಕು ಆಸ್ಪತ್ರೆಗಳ ಅಧ್ಯಯನಗಳಿಗೆ ಅದರ ಕಮಿಟಿಯ ಬಾಗಿಲು ತೆರೆಯಲಿ.

ಆಸ್ಪತ್ರೆ ಮೊದಲು, ಸಂಶೋಧನೆ ಆಮೇಲೆ ಎನ್ನುವವರಿದ್ದಾರೆ. ಹಸಿವಾಗಿದೆ ಎಂದು ಬಿತ್ತನೆಯ ಭತ್ತವನ್ನೇ ಕುಟ್ಟಿ ಉಣ್ಣುವ ಮಾತು ಅದು. ಕಟ್ಟಡ ಎಷ್ಟು ಅಂತಸ್ತಿನದಾದರೂ, ಗುಳಿಮಂಡಲ ಕಚ್ಚಿದವರಿಗೆ ಕೊಡಲು ಅದರೊಳಗೆ ಔಷಧಿ ಇರುವುದಿಲ್ಲ.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು. ಈಗ ಲೆಕ್ಕ ಸಿಗುತ್ತಿದೆ. ಲೆಕ್ಕದ ಹಿಂದಿನ ಪ್ರಶ್ನೆ ಕೇಳಲು ಜನ ಬೇಕು. ಬೆರಳು ಕಳೆದುಕೊಂಡ ಆ ಮನುಷ್ಯರ ತಮ್ಮ ಪ್ರತಿ ಮಳೆಗಾಲ ಫೋನ್ ಮಾಡುತ್ತಾನೆ. ಕ್ಷೇಮ ಸಮಾಚಾರ ಆದ ಮೇಲೆ, “ಆ ಹಾವಿಗೆ ಔಷಧಿ ಬಂತೇ ಡಾಕ್ಟರೇ?” ಎಂದು ಕೇಳುತ್ತಾನೆ. ಇನ್ನೂ ಬಂದಿಲ್ಲ ಎಂದು ಹೇಳುತ್ತೇನೆ. ನೋಟ್‌ಬುಕ್ ನನ್ನ ಬಳಿಯೇ ಇದೆ.

ವಿರೋಧ: ಮೊದಲು ತಲುಪುವ ದೂರದಲ್ಲಿ ಆಸ್ಪತ್ರೆ

(ಬರೆದವರು: ಕುಮಟಾ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರು)

ಈ ವಿಷಯದಲ್ಲಿ ವಿರೋಧದ ಬದಿಯನ್ನು ಬರೆದುಕೊಡಿ ಎಂದು ಕೇಳಿದಾಗ ನಾನು ಎರಡು ದಿನ ಯೋಚಿಸಿದೆ. ವೈದ್ಯರು ಸಂಶೋಧನೆ ಮಾಡಬಾರದು ಎಂದು ನಾನು ಹೇಳಲಾರೆ. ನಮ್ಮ ಜಿಲ್ಲೆಯಲ್ಲಿ ಸದ್ಯ ಸಿಗುವ ಹಣ ಮೊದಲು ಅಲ್ಲಿಗೆ ಹೋಗಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಅಷ್ಟರ ಮಟ್ಟಿಗೆ ಈ ಬದಿ ನನ್ನದು.

ಹಣವೇ ಇಲ್ಲ ಎಂಬ ವಾದವನ್ನು ಮೊದಲು ಬದಿಗಿಡೋಣ. ಜೈವಿಕ ವೈದ್ಯಕೀಯ ಸಂಶೋಧಕರ ಫೆಲೋಶಿಪ್ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸಂಪುಟ 2025ರ ಅಕ್ಟೋಬರ್‌ನಲ್ಲಿ 1500 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿದೆ. ಸಂಶೋಧನೆಗೆ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ಕುಮಟಾದಲ್ಲಿ ರಾತ್ರಿ ಹೊತ್ತು ಒಬ್ಬ ನರರೋಗ ತಜ್ಞರು ಇರಲಿ ಎಂದು ಕೇಳಿದರೆ ಕೊಡುವವರು ಯಾರು?

ಇನ್ನು ಸಂಶೋಧನೆಯ ಹೆಸರಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನೂ ನೋಡಬೇಕು. ಬಡ್ತಿಗೆ ಲೇಖನ ಬೇಕು ಎಂಬ ನಿಯಮ ಬಂದ ಮೇಲೆ, ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಸಾಗರ ತಾಲ್ಲೂಕಿನ ಹಂದಿಗೋಡು ಇಲ್ಲಿಂದ ದೂರವಿಲ್ಲ. 1970ರ ದಶಕದಲ್ಲಿ ಅಲ್ಲಿ ಸೊಂಟ, ಮಂಡಿಗಳ ಕೀಲು ಕುಸಿಯುವ ಕಾಯಿಲೆ ಪತ್ತೆಯಾಯಿತು. ಬಡ ದಲಿತ ಕುಟುಂಬಗಳು. ದೊಡ್ಡ ದೊಡ್ಡ ಸಂಸ್ಥೆಗಳಿಂದ ತಂಡಗಳು ಬಂದವು, ರಕ್ತ ತೆಗೆದುಕೊಂಡು ಹೋದವು, ಕಾಯಿಲೆಗೆ ಊರಿನ ಹೆಸರಿಟ್ಟವು. ಮಂಡಿಯೂರಿ ಓಡಾಡುವ ಜನ ಮಂಡಿಯೂರಿಯೇ ಓಡಾಡಿದರು. ರಕ್ತ ಕೊಟ್ಟವರಿಗೆ ಏನು ಸಿಕ್ಕಿತು ಎಂದು ಕೇಳುವ ಹಕ್ಕು ಹಳ್ಳಿಯವರಿಗೆ ಇದೆ.

ಪರವಾಗಿ ಬರೆಯುವವರು ಮಂಗನ ಕಾಯಿಲೆಯ ಮಾತು ಎತ್ತಿಯೇ ಎತ್ತುತ್ತಾರೆ. ಆ ವೈರಸ್ಸನ್ನು ಮುಟ್ಟಲು ಅತ್ಯಂತ ಬಿಗಿ ಸುರಕ್ಷತೆಯ ಪ್ರಯೋಗಾಲಯ ಬೇಕು. ಸಿದ್ದಾಪುರದ ಯುವ ವೈದ್ಯರ ಕೈಗೆ ಒಂದಿಷ್ಟು ಲಕ್ಷ ಕೊಟ್ಟರೆ ಅವರು ಲಸಿಕೆ ಮಾಡಿಬಿಡುತ್ತಾರೆಯೇ? ಆ ಕೆಲಸ ಪುಣೆಯವರು ಮಾಡಲಿ, ಹಳ್ಳಿಯ ವೈದ್ಯರು ಜ್ವರ ನೋಡಲಿ.

ಮನಸ್ಸಿದ್ದವರು ಅನುದಾನಕ್ಕೆ ಕಾಯುವುದಿಲ್ಲ. ಡಾ. ಹಿಮ್ಮತರಾವ್ ಬಾವಸ್ಕರ್ ಅವರನ್ನು ನೆನೆಯಬೇಕು. ನಮ್ಮ ಕರಾವಳಿಯ ಹಾಗೆಯೇ ಇರುವ ಕೊಂಕಣದ ಮಹಾಡ್ ತಾಲ್ಲೂಕಿನ ಬಿರವಾಡಿ ಎಂಬ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು 1970ರ ದಶಕದಲ್ಲಿ ವೈದ್ಯರಾಗಿದ್ದರು. ಕೆಂಪು ಚೇಳು ಕುಟುಕಿದ ಮಕ್ಕಳು ಕಣ್ಣೆದುರೇ ಸಾಯುತ್ತಿದ್ದರು. ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂತು ನೋಡಿದರು, ಬರೆದಿಟ್ಟರು, ರಕ್ತದೊತ್ತಡದ ಪ್ರಾಜೋಸಿನ್ ಮಾತ್ರೆ ಜೀವ ಉಳಿಸುತ್ತದೆ ಎಂದು ಕಂಡುಕೊಂಡರು. ಲಂಡನ್ನಿನ ದಿ ಲ್ಯಾನ್ಸೆಟ್ ಪತ್ರಿಕೆ ಅವರ ಬರಹವನ್ನು ಪ್ರಕಟಿಸಿತು. ಸುಮಾರು ನೂರಕ್ಕೆ ನಲವತ್ತರಷ್ಟಿದ್ದ ಸಾವು ನೂರಕ್ಕೆ ಒಂದರ ಹತ್ತಿರ ಬಂತು. 2022ರಲ್ಲಿ ಪದ್ಮಶ್ರೀ ಬಂತು. ಮಹಾಡ್‌ನಲ್ಲಿ ಆದದ್ದು ಸಿದ್ದಾಪುರದಲ್ಲಿ ಯಾಕೆ ಆಗಬಾರದು?

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ನನ್ನ ಮನಸ್ಸಿನಲ್ಲಿ ಇರುವುದು ನನ್ನ ಅಕ್ಕ.

ಮೂರು ವರ್ಷಗಳ ಹಿಂದೆ, ಶ್ರಾವಣದ ಒಂದು ಬೆಳಗ್ಗೆ ಐದು ಗಂಟೆಗೆ ಅಕ್ಕ ಚಹಾದ ಪಾತ್ರೆ ಎತ್ತಲು ಹೋದರು. ಬಲಗೈ ಏಳಲಿಲ್ಲ. ನನ್ನ ಹೆಸರು ಹಿಡಿದು ಕರೆಯಲು ಹೋದರು, ಮಾತು ತೊದಲಿತು. ಆರಕ್ಕೆ ಮೊದಲೇ ಹತ್ತಿರದ ಆಸ್ಪತ್ರೆಯಲ್ಲಿದ್ದೆವು. ಪಾರ್ಶ್ವವಾಯು ಎಂದು ಅಲ್ಲಿಯ ವೈದ್ಯರು ನೋಡಿದ ಕೂಡಲೇ ಹೇಳಿದರು. ಆ ಹುಡುಗನ ತಿಳಿವಳಿಕೆಯಲ್ಲಿ ಕೊರತೆ ಇರಲಿಲ್ಲ. ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬೇಕು, ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು, ಈ ಹೊತ್ತಿನಲ್ಲಿ ಇಲ್ಲಿ ಆಗುವುದಿಲ್ಲ, ದಕ್ಷಿಣಕ್ಕೆ ಹೋಗಿ ಎಂದರು. ಆಂಬುಲೆನ್ಸ್ ಸಿಕ್ಕಿದಾಗ ಏಳೂಕಾಲು. ಚಾಲಕ ನನ್ನ ಹಳೆಯ ವಿದ್ಯಾರ್ಥಿ. “ಮಾಸ್ತರರೇ, ಗಟ್ಟಿಯಾಗಿ ಹಿಡಿದುಕೊಳ್ಳಿ” ಎಂದ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಒಂದೇ ಸಮನೆ ಮಳೆ. ಹೊನ್ನಾವರ, ಮುರ್ಡೇಶ್ವರ, ಭಟ್ಕಳ. ಶಿರೂರು ಟೋಲ್ ಹತ್ತಿರ ಬಂದಾಗ ಅವನು ವೇಗ ತಗ್ಗಿಸಿದ, ಏನೂ ಮಾತಾಡಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಅಲ್ಲೇ ಮಗುಚಿತ್ತು, ನಾಲ್ವರು ಸತ್ತಿದ್ದರು. ಆಗ ಇಡೀ ಜಿಲ್ಲೆ ಆಸ್ಪತ್ರೆ ಕೊಡಿ ಎಂದು ಒಂದೇ ಧ್ವನಿಯಲ್ಲಿ ಕೂಗಿತ್ತು. ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎಂದಿತ್ತು.

ನಾವು ತಲುಪಿದಾಗ ಹತ್ತು ದಾಟಿತ್ತು. ಸಮಯ ಮೀರಿದೆ ಎಂದರು. ಅಕ್ಕ ಬದುಕಿದ್ದಾರೆ. ಎಡಗೈಯಲ್ಲಿ ಊಟ ಮಾಡಲು ಕಲಿತಿದ್ದಾರೆ. ಐವತ್ತು ವರ್ಷ ಭಜನೆ ಹಾಡಿದ ಅವರಿಗೆ ಈಗ ಒಂದು ಸಾಲು ಪೂರ್ತಿ ಬರುವುದಿಲ್ಲ.

ಒಂದು ವಿಷಯವನ್ನು ಮುಚ್ಚಿಡಲಾರೆ. ಮೂರನೆಯ ದಿನ ವಾರ್ಡಿಗೆ ಒಬ್ಬ ಎಳೆಯ ವೈದ್ಯೆ ಬಂದರು, ಕೈಯಲ್ಲಿ ನಾಲ್ಕು ಹಾಳೆ. ಪಾರ್ಶ್ವವಾಯುವಿನ ರೋಗಿಗಳು ಎಲ್ಲೆಲ್ಲಿ ತಡವಾಗುತ್ತಾರೆ ಎಂದು ಅಧ್ಯಯನ ಮಾಡುತ್ತಿದ್ದೇನೆ, ಒಪ್ಪಿಗೆ ಇದ್ದರೆ ಉತ್ತರ ಕೊಡಿ ಎಂದರು. ಬೆಳಗಿನಿಂದ ಊಟ ಮಾಡಿದಂತೆ ಕಾಣಲಿಲ್ಲ. ಸಹಿ ಹಾಕಿದೆ. ಎಷ್ಟು ಗಂಟೆಗೆ ಗೊತ್ತಾಯಿತು, ಎಷ್ಟಕ್ಕೆ ಹೊರಟಿರಿ, ಮೊದಲ ಆಸ್ಪತ್ರೆಯಲ್ಲಿ ಎಷ್ಟು ಹೊತ್ತು, ಆಂಬುಲೆನ್ಸಿಗೆ ಎಷ್ಟು ಹೊತ್ತು ಎಂದು ಅವರು ಒಂದೊಂದಾಗಿ ಕೇಳಿದರು. ನಾನು ಒಂದೊಂದು ನಿಮಿಷವನ್ನೂ ಹೇಳಿದೆ.