ಸ್ಪ್ಲಿಟ್ ಮಾಡಿದ ಹಂಬಕರ್ ನಿಜಕ್ಕೂ ಸಿಂಗಲ್ ಕಾಯಿಲ್ ಆಗುತ್ತಾ?

ಎಲೆಕ್ಟ್ರಿಕ್ ಗಿಟಾರ್ ಮಾಡಿಸುವವರ ನಡುವೆ ಒಂದು ಮೆಸೇಜ್ ಸುತ್ತುತ್ತಲೇ ಇರುತ್ತದೆ: "ಎರಡು ಹಂಬಕರ್ ಹಾಕಿಸಿ, ಕಾಯಿಲ್ ಸ್ಪ್ಲಿಟ್ ಸ್ವಿಚ್ ಇಡಿಸಿ. ಸ್ಟ್ರಾಟೋಕ್ಯಾಸ್ಟರ್ ಸದ್ದು ಹಾಗೇ ಸಿಗುತ್ತದೆ."

ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಭಾಗವೇ ಪಿಕಪ್. ಅದರಲ್ಲಿ ವೈರ್ ಸುತ್ತಿದ ಕಾಯಿಲ್ ಒಂದೇ ಇದ್ದರೆ ಸಿಂಗಲ್ ಕಾಯಿಲ್, ಎರಡಿದ್ದರೆ ಹಂಬಕರ್. ಸ್ಟ್ರಾಟೋಕ್ಯಾಸ್ಟರ್ (ಸ್ಟ್ರಾಟ್) ಸಿಂಗಲ್ ಕಾಯಿಲ್ ಸದ್ದಿಗೆ ಹೆಸರಾದ ಗಿಟಾರ್.

ಸತ್ಯಾಂಶ: ಹತ್ತಿರದ ಸದ್ದು ಸಿಗುತ್ತದೆ, ಅದೇ ಸದ್ದಲ್ಲ.

ಹಂಬಕರ್‌ನಲ್ಲಿ ಅಕ್ಕಪಕ್ಕ ಎರಡು ಕಾಯಿಲ್. ಸುತ್ತಲಿನ ಕರೆಂಟ್‌ನಿಂದ ಒಂದು ಹಿಡಿದ ಗುಂಯ್ ಸದ್ದನ್ನು ಇನ್ನೊಂದು ಅಳಿಸುತ್ತದೆ. ಸ್ಪ್ಲಿಟ್ ಸ್ವಿಚ್ ಎಳೆದ ಕೂಡಲೇ ಒಂದು ಕಾಯಿಲ್ ಸುಮ್ಮನಾಗುತ್ತದೆ. ವಾಲ್ಯೂಮ್ ಇಳಿಯುತ್ತದೆ, ಸದ್ದು ತೆಳುವಾಗುತ್ತದೆ, ಗುಂಯ್ ವಾಪಸ್ ಬರುತ್ತದೆ. ಉಳಿದ ಕಾಯಿಲ್ ಸ್ಟ್ರಾಟ್‌ನದ್ದಲ್ಲ. ಹಳೇ ಮಾದರಿಯ ಹಂಬಕರ್‌ನ ಒಂದು ಕಾಯಿಲ್‌ನಲ್ಲಿ ಸುಮಾರು 5,000 ಸುತ್ತು ವೈರ್ ಇರುತ್ತದೆ. ಸ್ಟ್ರಾಟ್ ಪಿಕಪ್‌ನಲ್ಲಿ 8,000ದ ಆಸುಪಾಸು. ಸ್ಟ್ರಾಟ್‌ನಲ್ಲಿ ತಂತಿಗಳ ಕೆಳಗಿನ ಕಡ್ಡಿಗಳೇ ಮ್ಯಾಗ್ನೆಟ್. ಹಂಬಕರ್‌ನಲ್ಲಿ ಅವು ಬರೀ ಉಕ್ಕು, ಮ್ಯಾಗ್ನೆಟ್ ಅಡಿಯಲ್ಲಿ ಮಲಗಿರುತ್ತದೆ. ಸದ್ದು ಬೇರೆಯಾಗಲೇಬೇಕು, ಅಲ್ವಾ?

ಒಂದೇ ಗಿಟಾರ್‌ನಲ್ಲಿ ಎಲ್ಲ ಬೇಕೆಂದರೆ ಬ್ರಿಡ್ಜ್‌ನಲ್ಲಿ (ತಂತಿಗಳು ಗಿಟಾರ್ ಮೈಗೆ ಕೂರುವ ಕಡೆ) ಹಂಬಕರ್, ನಡುವೆ ಮತ್ತು ನೆಕ್‌ನಲ್ಲಿ (ಕುತ್ತಿಗೆಯ ಕಡೆ) ನಿಜವಾದ ಸಿಂಗಲ್ ಕಾಯಿಲ್, ಜೊತೆಗೆ ಪಿಕಪ್ ಆರಿಸುವ ಐದು ಪೊಸಿಷನ್ ಸ್ವಿಚ್. ನನಗೆ ಇದೇ ಜಾಸ್ತಿ ಇಷ್ಟ. ಎರಡು ಹಂಬಕರೇ ಇರಲಿ ಎನ್ನುವವರು ಪ್ಯಾರಲಲ್ ವೈರಿಂಗ್ (ಎರಡು ಕಾಯಿಲ್‌ಗಳನ್ನು ಒಂದರ ಹಿಂದೊಂದು ಜೋಡಿಸದೆ ಸಮಾನಾಂತರವಾಗಿ ಜೋಡಿಸುವುದು) ಮಾಡಿಸಿ ನೋಡಿ: ಸದ್ದು ತಿಳಿಯಾಗುತ್ತದೆ, ಗುಂಯ್ ಬರುವುದಿಲ್ಲ. ಆದರೆ ಪಿಕಪ್‌ನಿಂದ ಎರಡೂ ಕಾಯಿಲ್‌ಗಳ ನಾಲ್ಕು ವೈರ್ ಹೊರಬಂದಿರಬೇಕು. ಕೊಳ್ಳುವ ಮೊದಲೇ ನೋಡಿಕೊಳ್ಳಿ.